ಮುಳ್ಳು ಹೋಗಿ ಕೆಂಪು ದೀಪ ಬಂದದ್ದು

ಮಲೆನಾಡಿನ ಮೋಟಾರು ಚರಿತ್ರೆಯನ್ನು ನಾವು ರಸ್ತೆ, ಸೇತುವೆ, ಬಸ್ಸುಗಳ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗ್ಯಾರೇಜು ಕಸುಬು ಹೇಗೆ ಬದಲಾಯಿತು ಎಂದು ತಿಳಿಯಬೇಕಾದರೆ ಡ್ರೈವರನ ಕಣ್ಣೆದುರಿಗಿದ್ದ ಒಂದು ಪುಟ್ಟ ಮೀಟರಿನಿಂದ ಹೊರಡುವುದು ಮೇಲು. ಅದು ಎಂಜಿನ್ ಆಯಿಲ್ಲಿನ ಪ್ರೆಶರ್ ತೋರಿಸುತ್ತಿದ್ದ ಮೀಟರು. ಅದರ ಮುಳ್ಳು ಇದ್ದಷ್ಟು ದಿನ ಎಂಜಿನ್ನಿನ ಆರೋಗ್ಯದ ಮೊದಲ ತೀರ್ಪು ಗಾಡಿ ಓಡಿಸುವವನದಾಗಿತ್ತು. ಮುಳ್ಳು ಹೋದ ಮೇಲೆ ತೀರ್ಪು ಗ್ಯಾರೇಜಿನ ಪಾಲಾಯಿತು; ಮದ್ದು ಮಾತ್ರ ಮುಳ್ಳಿನ ಕಾಲದ್ದೇ ಉಳಿಯಿತು. ಇಂದು ಆಯಿಲ್ ಪ್ರೆಶರ್ ಇಳಿದಾಗ ಆಗುವ ಬಹುಪಾಲು ಎಡವಟ್ಟು ಈ ಎರಡು ಕಾಲಗಳ ನಡುವಿನ ಬಿರುಕಿನಲ್ಲೇ ಹುಟ್ಟುತ್ತದೆ ಎಂಬುದು ನನ್ನ ವಾದ.

ಮೊದಮೊದಲು ಕಾರುಗಳಿಗೆ ಪ್ರೆಶರಿನ ಗೊಡವೆಯೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪೇ ಇಲ್ಲ. ತಿರುಗುವ ಚಕ್ರ ಎರಚಿದ ಎಣ್ಣೆಯೇ ಬೇರಿಂಗುಗಳಿಗೆ ಗತಿ. ಉದ್ದನೆಯ ಏರು ಹತ್ತುವಾಗ ಎಣ್ಣೆ ಹಿಂದಕ್ಕೆ ಸರಿದು ಮುಂದಿನ ಬೇರಿಂಗ್ ಒಣಗುವುದು ಆ ಎಂಜಿನ್ನಿಗೆ ಅಂಟಿದ್ದ ದೋಷ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಘಾಟಿ ಹತ್ತಬೇಕಾದ ನಾಡಿಗೆ ಇಂಥ ಏರ್ಪಾಡು ಸಲ್ಲುವುದಲ್ಲ. 1928ರಿಂದ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಶೆವ್ರೊಲೆ ಗಾಡಿಗಳನ್ನು ಜೋಡಿಸತೊಡಗಿತು. ಶೆವ್ರೊಲೆಯ ಹಳೆಯ ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಪಂಪೂ ಇತ್ತು, ಎರಚಾಟವೂ ಇತ್ತು. ಮುಳ್ಳು ಚದರ ಇಂಚಿಗೆ 15 ಪೌಂಡಿನ ಆಸುಪಾಸು ನಿಂತರೆ ಅದೇ ಆರೋಗ್ಯ. ಅಷ್ಟೇ ಪ್ರೆಶರ್ ಮುಂದೆ ಬಂದ ಅಂಬಾಸಡರಿನಲ್ಲಿ, ಅದೂ ಓಟದ ವೇಗದಲ್ಲಿ ಕಂಡರೆ ಎಂಜಿನ್ ಬಿಚ್ಚುವ ಕಾಲ ಬಂತೆಂದೇ ಲೆಕ್ಕ. ಪ್ರೆಶರ್ ಎಷ್ಟಿದ್ದರೆ ಕಮ್ಮಿ ಎಂಬ ಪ್ರಶ್ನೆಗೆ ಎಲ್ಲ ಎಂಜಿನ್ನಿಗೂ ಒಪ್ಪುವ ಒಂದು ಸಂಖ್ಯೆ ಎಂದೂ ಇರಲಿಲ್ಲ. ಎಂಜಿನ್ ನಿಮಿಷಕ್ಕೆ ತಿರುಗುವ ಪ್ರತಿ ಸಾವಿರ ಸುತ್ತುಗಳಿಗೆ ಹತ್ತು ಪೌಂಡ್ ಎಂಬ ಕಸುಬಿನವರ ಲೆಕ್ಕವೂ ಬರೀ ಅಂದಾಜು.

ಮುಳ್ಳಿನ ನಿಜವಾದ ಕಾಲ ಜೀಪಿನದು. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿದರು. ಅದರ ಮುಂಭಾಗದಲ್ಲಿ ವೇಗ, ಪೆಟ್ರೋಲು, ಕರೆಂಟು, ಬಿಸಿ ಇವುಗಳ ಜೊತೆಗೆ ಆಯಿಲ್ಲಿಗೂ ಒಂದು ಮೀಟರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳೆಯ ದಾರಿಗಳು ನೀರಿನಡಿ ಸೇರಿದವು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ತುಮರಿ ಕಡೆಯವರು ಸಾಗರ ಪೇಟೆಗೆ ಬರಲು ಲಾಂಚನ್ನೇ ನೆಚ್ಚಬೇಕಿತ್ತು. ಎಂಜಿನ್ ಹಿಡಿದುಕೊಂಡರೆ ಮೆಕ್ಯಾನಿಕ್ ಹೊಳೆಯಾಚೆ ಇರುತ್ತಿದ್ದ ಇಂಥ ಕಡೆ, ಮುಳ್ಳು ಇಳಿಯುವುದನ್ನು ಮೊದಲೇ ಕಾಣುವುದು ಶೋಕಿಯಾಗಿರಲಿಲ್ಲ, ಗರಜಾಗಿತ್ತು.

ಮುಳ್ಳು ಇಳಿದಾಗ ದಪ್ಪ ಆಯಿಲ್ ಹಾಕುವ ಮದ್ದಿಗೂ ಆಗ ತಕ್ಕ ಕಾರಣವಿತ್ತು. ಪಂಪು ದೂಡುವುದು ಎಣ್ಣೆಯನ್ನು. ಪ್ರೆಶರ್ ಹುಟ್ಟುವುದು ಆ ಎಣ್ಣೆ ಕ್ರ್ಯಾಂಕಿಗೂ ಬೇರಿಂಗ್ ಮೆಟಲ್ಲಿಗೂ ನಡುವಿನ ಸಂದಿಯಲ್ಲಿ ಹಿಂಡಿಕೊಂಡು ಹೋಗಬೇಕಾದ್ದರಿಂದ. ಮೆಟಲ್ ಸವೆದರೆ ಸಂದಿ ಅಗಲವಾಗುತ್ತದೆ, ಎಣ್ಣೆ ಸಲೀಸಾಗಿ ಸೋರುತ್ತದೆ, ಮುಳ್ಳು ಮಲಗುತ್ತದೆ. ದಪ್ಪ ಎಣ್ಣೆ ನಿಧಾನಕ್ಕೆ ಸೋರುವುದರಿಂದ ಮುಳ್ಳು ಮತ್ತೆ ಏಳುತ್ತದೆ. ಸಂದಿಯೇ ದೊಡ್ಡದಾಗಿದ್ದ ಆ ಎಂಜಿನ್ನುಗಳಿಗೆ ಇದರಿಂದ ಅಷ್ಟೇನೂ ಕೇಡಾಗುತ್ತಿರಲಿಲ್ಲ. ಲೇತಿನ ಕೆಲಸ, ಬೋರು, ಹೊಸ ಮೆಟಲ್ಲಿನ ಖರ್ಚನ್ನು ಅಡಿಕೆ ದುಡ್ಡು ಕೈಗೆ ಬರುವ ತನಕ ಮುಂದೂಡಲು ಅದು ಸಾಕು. ಆ ಮೆಕ್ಯಾನಿಕ್ಕುಗಳಿಗೆ ಓದು ಇರಲಿಲ್ಲ, ಕಂಡದ್ದಕ್ಕೆ ಕೈಹಾಕುತ್ತಿದ್ದರು ಎಂದು ಹಗುರವಾಗಿ ಆಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮುಳ್ಳು ಬೆಳಿಗ್ಗೆ ಎಲ್ಲಿತ್ತು, ಬಿಸಿಯಾದ ಮೇಲೆ ಎಲ್ಲಿಗೆ ಬಂತು, ಏರಿನಲ್ಲಿ ಎಷ್ಟು, ನಿಂತಲ್ಲಿ ಎಷ್ಟು ಎಂಬ ನಾಲ್ಕು ವಿವರ ಡ್ರೈವರನಿಂದ ಸಿಕ್ಕರೆ ಅರ್ಧ ಪರೀಕ್ಷೆ ಮುಗಿದಂತೆಯೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆ ವಿವರ ಇಲ್ಲವಾಯಿತು. ಮುಳ್ಳಿನ ಜಾಗದಲ್ಲಿ ಕೆಂಪು ದೀಪ. ಇಂಥ ದೀಪ ಹತ್ತುವುದು ಪ್ರೆಶರ್ ಸುಮಾರು ಐದು ಪೌಂಡಿಗೆ ಕುಸಿದಾಗ. 40ರಿಂದ 20ಕ್ಕೆ ಇಳಿದದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಈಗಿನ ಎಂಜಿನ್ನುಗಳು ಗಟ್ಟಿ, ಮುಳ್ಳಿನ ಅಗತ್ಯವಾದರೂ ಏನು ಎಂದು ಕೇಳಬಹುದು. ಗಟ್ಟಿಯೆಂಬುದು ನಿಜ, ಮೆಟಲ್ ಬೇಗ ಸವೆಯುವುದೂ ಇಲ್ಲ. ಆದ್ದರಿಂದಲೇ ದೀಪ ಹತ್ತಿದೊಡನೆ ಸವೆತವನ್ನು ಶಂಕಿಸುವುದು ತಪ್ಪು. ತೋಟದ ರಸ್ತೆಯ ಕಲ್ಲು ತಗುಲಿ ಆಯಿಲ್ ಚೇಂಬರ್ ಒಳಕ್ಕೆ ತಗ್ಗಿದರೆ ಅದು ಪಂಪಿನ ಜಾಲರಿಗೆ ಒತ್ತಿ ಎಣ್ಣೆಯ ದಾರಿ ಕಟ್ಟುತ್ತದೆ. ಜೀಪಿನಷ್ಟು ಎತ್ತರವಿಲ್ಲದ ಕಾರುಗಳಿಗೆ ಇದು ಹೊಸ ಕಾಯಿಲೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ನಾಲ್ಕು ಮೈಲಿ ಹೋಗಿ ಬರುವ ಎಂಜಿನ್ ಪೂರಾ ಬಿಸಿಯೇ ಆಗುವುದಿಲ್ಲ; ಒಳಗೆ ಕಟ್ಟಿದ ನೀರಿನಂಶ ಆವಿಯಾಗದೆ ಎಣ್ಣೆಯೊಡನೆ ಕೆಸರಾಗಿ ಅದೇ ಜಾಲರಿಯನ್ನು ಮುಚ್ಚುತ್ತದೆ. ಆಯಿಲ್ ಬದಲಿಸಲು ಕಿಲೋಮೀಟರ್ ಎಣಿಸುವುದು ಬಯಲುಸೀಮೆಯ ಉದ್ದ ರಸ್ತೆಗಳಿಗೆ ಹೊಂದುವ ಲೆಕ್ಕ. ಇಲ್ಲಿ ಮಳೆಗಾಲವನ್ನೂ ಸೇರಿಸಿ ಎಣಿಸಬೇಕು.

ದಪ್ಪ ಆಯಿಲ್ ಹಾಕಿದ ಮೇಲೆ ದೀಪ ಆರಿತಲ್ಲ, ಅಂದರೆ ವಾಸಿಯಾದಂತೆ ಅಲ್ಲವೇ ಎಂಬುದು ಉಳಿದ ಆಕ್ಷೇಪ. ದೀಪ ಆರಿದ್ದು ಪ್ರೆಶರ್ ಏರಿದ್ದಕ್ಕೆ. ಬೇರಿಂಗಿಗೆ ಬೇಕಾದದ್ದು ಪ್ರೆಶರಿಗಿಂತ ಹೆಚ್ಚಾಗಿ ಎಣ್ಣೆಯ ಹರಿವು. ಕಿರಿದಾದ ಸಂದಿಗಳ ಈಗಿನ ಎಂಜಿನ್ನಿನಲ್ಲಿ, ಅದರಲ್ಲೂ ಚಳಿಯ ಬೆಳಿಗ್ಗೆ, ದಪ್ಪ ಎಣ್ಣೆ ಮೇಲಿನ ಕ್ಯಾಮ್‌ಗೆ ತಲುಪುವುದೇ ತಡ. ಜಾಲರಿ ಕಟ್ಟಿದ್ದರಂತೂ ಅದು ಮದ್ದಲ್ಲ, ಇನ್ನೊಂದು ಅಡ್ಡಿ. ಇತ್ತ ದೀಪ ಹತ್ತಿಸುವ ಸೆನ್ಸರೇ ಕೆಟ್ಟಿದ್ದರೆ, ಸವೆತವೆಂದು ಒಳ್ಳೆಯ ಎಂಜಿನ್ನನ್ನು ಸುಮ್ಮನೆ ಬಿಚ್ಚಿಸಿದಂತೆ.

ಆದ್ದರಿಂದ ಕಾರು ಇಟ್ಟುಕೊಂಡವರಲ್ಲಿ ಒಂದು ವಿನಂತಿ: ದೀಪ ಹತ್ತಿದರೆ ಅಲ್ಲೇ ಎಂಜಿನ್ ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ಆಯಿಲ್ ಇದೆಯೇ ನೋಡಿ, ಬಗ್ಗಿ ಚೇಂಬರಿನ ತಳ ಪರೀಕ್ಷಿಸಿ. ಗ್ಯಾರೇಜಿನಲ್ಲಿ ಸೆನ್ಸರ್ ಬಿಚ್ಚಿ ಆ ತೂತಿಗೆ ಮುಳ್ಳಿನ ಮೀಟರು ಹಾಕಿ ಅಳೆದು ತೋರಿಸುವವರೆಗೆ ದಪ್ಪ ಆಯಿಲ್ ಹೊಯ್ಯಲಿಕ್ಕೂ ಎಂಜಿನ್ ಬಿಚ್ಚಲಿಕ್ಕೂ ಒಪ್ಪಬೇಡಿ.