ಕಾಮಾಲೆಗೆ ‘ಇಂಗ್ಲಿಷ್ ಮದ್ದು’ ಇಲ್ಲವೇ? ಹೆಪಟೈಟಿಸ್ ಸಿ ಗುಣಪಡಿಸುವ ಮಾತ್ರೆಯ ಕಥೆ

“ಕಾಮಾಲೆಗೆ ಇಂಗ್ಲಿಷ್ ಮದ್ದು ಇಲ್ಲ, ನಾಟಿ ಔಷಧಿಯೊಂದೇ ದಾರಿ.” ಈ ಮಾತನ್ನು ನಾವೆಲ್ಲ ಒಮ್ಮೆಯಾದರೂ ಕೇಳಿರುತ್ತೇವೆ. ಇದರಲ್ಲಿ ನಿಜ ಎಷ್ಟು?

ಕಾಮಾಲೆ ಕಾಯಿಲೆಯ ಹೆಸರಲ್ಲ, ಅದೊಂದು ಲಕ್ಷಣ. ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಹೆಚ್ಚಾದಾಗ ಕಣ್ಣು, ಚರ್ಮ ಹಳದಿಯಾಗುತ್ತವೆ. ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತವೆ. ಆಗ ಕುಡಿದ ಮದ್ದಿಗೆ ಹೆಸರು ಬರುತ್ತದೆ.

ಹೆಪಟೈಟಿಸ್ ಸಿ ಹಾಗಲ್ಲ. ಇದು ರಕ್ತದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ಹತ್ತರಲ್ಲಿ ಸುಮಾರು ಏಳು ಮಂದಿಯಲ್ಲಿ ವೈರಸ್ ದೇಹದಲ್ಲೇ ಉಳಿದು, ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಹಾಳುಮಾಡುತ್ತದೆ. ಸಿರೋಸಿಸ್ ಅಥವಾ ಕ್ಯಾನ್ಸರ್ ಆದಾಗಲೇ ಅನೇಕರಿಗೆ ಗೊತ್ತಾಗುವುದು.

ಔಷಧಿ ಬಂದದ್ದು ಹೇಗೆ?

ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ನಂತರ ಬಹಳ ವರ್ಷ ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ಮಾತ್ರೆಗಳೇ ಗತಿಯಾಗಿದ್ದವು. ಚಿಕಿತ್ಸೆ ಒಂದು ವರ್ಷದವರೆಗೂ ನಡೆಯುತ್ತಿತ್ತು. ಜ್ವರ, ಸುಸ್ತು, ಖಿನ್ನತೆ ಕಾಡುತ್ತಿದ್ದವು. ಇಷ್ಟಾದರೂ ಕೆಲವು ಬಗೆಯ ವೈರಸ್‌ನಲ್ಲಿ ಗುಣವಾಗುತ್ತಿದ್ದವರು ಅರ್ಧದಷ್ಟು ಮಾತ್ರ.

ಅಮೆರಿಕದ ರಸಾಯನಶಾಸ್ತ್ರಜ್ಞ ಮೈಕಲ್ ಸೋಫಿಯಾ 2005ರಲ್ಲಿ ಫಾರ್ಮಾಸೆಟ್ ಎಂಬ ಕಂಪನಿ ಸೇರಿ ಈ ಸಮಸ್ಯೆಗೆ ಕೈಹಾಕಿದರು. ವೈರಸ್ ತನ್ನ ನಕಲು ತಯಾರಿಸುವುದು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಗೋಡೆ ಕಟ್ಟಿದಂತೆ. ಪಾಲಿಮರೇಸ್ ಎಂಬ ಕಿಣ್ವವೇ ಗಾರೆಕೆಲಸದವನು. ಅವನ ಕೈಗೆ ನಕಲಿ ಇಟ್ಟಿಗೆ ಕೊಟ್ಟರೆ ಗೋಡೆ ಅಲ್ಲಿಗೇ ನಿಲ್ಲುತ್ತದೆ.

ಅಂಥ ಇಟ್ಟಿಗೆ ಕಂಪನಿಯಲ್ಲಿತ್ತು. ಆದರೆ ಅದು ಕೆಲಸ ಮಾಡಲು ಜೀವಕೋಶದೊಳಗೆ ಮೂರು ಫಾಸ್ಫೇಟ್‌ಗಳು ಅಂಟಬೇಕು. ಮೊದಲನೆಯದೇ ಅಂಟುತ್ತಿರಲಿಲ್ಲ. ಅದನ್ನು ಮೊದಲೇ ಅಂಟಿಸಿ ಕೊಡೋಣವೆಂದರೆ, ವಿದ್ಯುದಾವೇಶವುಳ್ಳ ಫಾಸ್ಫೇಟ್ ಜೀವಕೋಶದ ಪೊರೆ ದಾಟುವುದಿಲ್ಲ. ಸೋಫಿಯಾ ತಂಡ ಫಾಸ್ಫೇಟ್‌ಗೆ ರಾಸಾಯನಿಕ ಮುಸುಕು ಹಾಕಿತು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಕ್ರಿಸ್ ಮೆಕ್‌ಗ್ವಿಗನ್ ರೂಪಿಸಿದ್ದ ತಂತ್ರವಿದು. ಲಿವರ್ ತಲುಪಿದ ಮೇಲೆ ಅಲ್ಲಿನ ಕಿಣ್ವಗಳೇ ಮುಸುಕು ಕಳಚುತ್ತವೆ. ಬೇಕಾದ ಜಾಗದಲ್ಲೇ ಮದ್ದು ಸಿದ್ಧವಾಗುತ್ತದೆ.

ಹೀಗೆ ಹುಟ್ಟಿದ ಸೊಫೊಸ್ಬುವಿರ್‌ಗೆ 2013ರ ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮಾತ್ರೆಯ ಹೆಸರಿನಲ್ಲೇ ಸೋಫಿಯಾ ಇದ್ದಾರೆ! ಇನ್ನೊಂದು ಔಷಧಿಯೊಂದಿಗೆ ಸಾಮಾನ್ಯವಾಗಿ 12 ವಾರ ನುಂಗಿದರೆ ಶೇ. 95ರಷ್ಟು ಜನ ಗುಣವಾಗುತ್ತಾರೆ. 2016ರಲ್ಲಿ ಸೋಫಿಯಾ ಅವರಿಗೆ ರಾಲ್ಫ್ ಬಾರ್ಟೆನ್‌ಶ್ಲಾಗರ್, ಚಾರ್ಲ್ಸ್ ರೈಸ್ ಜೊತೆ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಬಡವರಿಗೆ ಸಿಕ್ಕಿತೇ?

ಫಾರ್ಮಾಸೆಟ್ ಅನ್ನು ಗಿಲಿಯಡ್ ಕಂಪನಿ ಕೊಂಡುಕೊಂಡಿತ್ತು. ಅಮೆರಿಕದಲ್ಲಿ ಅದು ಇಟ್ಟ ಬೆಲೆ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. ಇದಕ್ಕೆ ಜಗತ್ತಿನಾದ್ಯಂತ ಟೀಕೆ ಬಂತು. 2014ರಲ್ಲಿ ಗಿಲಿಯಡ್ ಭಾರತದ ಏಳು ಔಷಧ ತಯಾರಕರಿಗೆ ಪರವಾನಗಿ ಕೊಟ್ಟಿತು. ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೋಲ್ಯಾಬ್ ಅವುಗಳಲ್ಲೊಂದು. ಪೈಪೋಟಿಯಿಂದ ಇಲ್ಲಿ ಬೆಲೆ ಬಹಳ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ.

ನಾವೇನು ಮಾಡಬೇಕು?

ಬಹಳ ಹಿಂದೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಬಳಸಿದ ಸೂಜಿಯಿಂದ ಇಂಜೆಕ್ಷನ್ ಪಡೆದ ಅನುಮಾನವಿರುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಈ ಮಾತ್ರೆಯನ್ನು ತಾವೇ ಅಂಗಡಿಯಿಂದ ತಂದು ನುಂಗಬೇಡಿ. ದೇಹದಲ್ಲಿ ಹೆಪಟೈಟಿಸ್ ಬಿ ಕೂಡ ಇದ್ದರೆ ಅದು ಕೆರಳಬಹುದು. ಹೆಪಟೈಟಿಸ್ ಬಿ ಬಾರದಂತೆ ತಡೆಯಲು ಲಸಿಕೆಯಿದೆ, ಬಂದರೆ ಹತೋಟಿಯಲ್ಲಿಡುವ ಔಷಧಿಯೂ ಇದೆ. ಆದರೆ ಬೇರುಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಸೋಫಿಯಾ ನಂತರ ಕೈಹಾಕಿದ್ದು ಅದೇ ಹುಡುಕಾಟಕ್ಕೆ.

ಅಂದರೆ “ಕಾಮಾಲೆಗೆ ಇಂಗ್ಲಿಷ್ ಮದ್ದು ಇಲ್ಲ” ಎಂಬ ಮಾತು ತಪ್ಪು. ಕಣ್ಣು ಹಳದಿಯಾದರೆ ಮೊದಲು ಕಾರಣ ತಿಳಿಯಬೇಕು, ಮದ್ದು ಆಮೇಲೆ. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.