ಡ್ರಮ್ ದನಿಗೆ ಕಡಿವಾಣ

ಧ್ವನಿಮುದ್ರಣ ಮಾಡುವವರನ್ನು ಹೆಚ್ಚು ಕಾಡುವ ವಾದ್ಯಗಳಲ್ಲಿ ಡ್ರಮ್ ಒಂದು. ಕೋಲು ಬಡಿದ ಕ್ಷಣ ಸದ್ದು ಸಿಡಿಲಿನಂತೆ ಮೇಲೇರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಳಿದೂಬಿಡುತ್ತದೆ. ಟೇಪ್ ರೆಕಾರ್ಡರ್‌ಗೆ ಈ ಏರಿಳಿತ ಪೂರ್ತಿ ದಕ್ಕುವುದಿಲ್ಲ. ಪೆಟ್ಟಿನ ತುದಿಗೆ ತಕ್ಕಂತೆ ಮಟ್ಟ ಹೊಂದಿಸಿದರೆ ಅದರ ಹಿಂದೆಯೇ ಬರುವ ಅನುರಣನ ಟೇಪಿನ ‘ಸ್‌ಸ್’ ಎಂಬ ಸದ್ದಿನಲ್ಲಿ ಮುಳುಗುತ್ತದೆ. ಅನುರಣನಕ್ಕೆ ತಕ್ಕಂತೆ ಹೊಂದಿಸಿದರೆ ಪೆಟ್ಟು ಟೇಪಿನ ಮಿತಿ ಮೀರಿ ಒಡೆದು ಕೇಳುತ್ತದೆ.

ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರವೇ ಕಂಪ್ರೆಸರ್. ಸದ್ದು ಗೊತ್ತುಪಡಿಸಿದ ಮಟ್ಟ ದಾಟಿದೊಡನೆ ಅದು ತಾನಾಗಿ ತಗ್ಗಿಸುತ್ತದೆ. ಸದ್ದು ಇಳಿದ ಮೇಲೆ ಹಿಡಿತ ಸಡಿಲಿಸುತ್ತದೆ. ಇದು ಮೊದಲು ಬಳಕೆಗೆ ಬಂದದ್ದು ರೇಡಿಯೊ ಕೇಂದ್ರಗಳಲ್ಲಿ, ಟ್ರಾನ್ಸ್‌ಮಿಟರಿಗೆ ಅತಿಯಾದ ಸದ್ದು ಹೋಗದಂತೆ ಕಾಯಲು. ಗ್ರಾಮಫೋನ್ ತಟ್ಟೆ ಕೊರೆಯುವಲ್ಲಿಯೂ ಅದಕ್ಕೆ ಕಾವಲುಗಾರನ ಕೆಲಸವೇ ಇತ್ತು.

ಮಿಕ್ಸರಿನ ಹೊರಗೆ ಪ್ರತ್ಯೇಕವಾಗಿರುವ ಈ ಪೆಟ್ಟಿಗೆಯನ್ನು ಎರಡು ಕಡೆ ಜೋಡಿಸಬಹುದು. ಮಿಕ್ಸರ್ ಮತ್ತು ಟೇಪ್ ರೆಕಾರ್ಡರಿನ ನಡುವೆ ಇಟ್ಟರೆ ತಗ್ಗಿಸಿದ ಸದ್ದೇ ಟೇಪಿಗೆ ಹೋಗುತ್ತದೆ. ಮಟ್ಟವನ್ನು ಧೈರ್ಯವಾಗಿ ಏರಿಸಬಹುದು. ಮುದ್ರಣವಾದ ಮೇಲೆ, ಟೇಪಿನಿಂದ ಹೊರಬರುವ ದಾರಿಯಲ್ಲಿ ಇಟ್ಟರೆ ಮನಸ್ಸು ಬದಲಾಯಿಸಲು ಅವಕಾಶವುಂಟು; ಆದರೆ ಮೆಲುದನಿಯನ್ನು ಎತ್ತುವಾಗ ಟೇಪಿನ ಸದ್ದೂ ಜೊತೆಗೆ ಎದ್ದು ಬರುತ್ತದೆ. ಮೊದಲನೆಯ ದಾರಿಯಲ್ಲಿ ಹಿಂದೆ ಸರಿಯುವಂತಿಲ್ಲ. ಒಮ್ಮೆ ಒತ್ತಿ ಮುದ್ರಿಸಿದ್ದನ್ನು ಮೊದಲಿನಂತೆ ಬಿಡಿಸಲಾಗದು.

ಲಂಡನ್ನಿನ ಅಬ್ಬೆ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೊದಲ್ಲಿ 1966ರ ಏಪ್ರಿಲ್ 6ರಂದು ಈ ದಾರಿ ಹಿಡಿದವರು ಜೆಫ್ ಎಮೆರಿಕ್. ವಯಸ್ಸು 20, ಬೀಟಲ್ಸ್ ತಂಡದ ಮುಖ್ಯ ಧ್ವನಿ ಎಂಜಿನಿಯರ್ ಆಗಿ ಅದೇ ಮೊದಲ ದಿನ. ಹಾಡು ‘ಟುಮಾರೊ ನೆವರ್ ನೋಸ್’. ದೊಡ್ಡ ಡ್ರಮ್ಮಿನಿಂದ ಮೈಕನ್ನು ಸಾಕಷ್ಟು ದೂರ ಇಡಬೇಕೆಂಬುದು ಸ್ಟುಡಿಯೊ ಕಟ್ಟಳೆ. ಎಮೆರಿಕ್ ಅದನ್ನು ಮುರಿದು ಮೈಕನ್ನು ಹತ್ತಿರಕ್ಕೆ ತಂದರು, ಅನುರಣನ ಅಡಗಿಸಲು ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿದರು. ಆ ದನಿಯನ್ನು ಅಮೆರಿಕದ ಫೇರ್‌ಚೈಲ್ಡ್ 660 ಎಂಬ ವಾಲ್ವ್ ಯಂತ್ರದ ಮೂಲಕ ಹಾಯಿಸಿ ಬಲವಾಗಿ ಒತ್ತಿದರು.

ಅಲ್ಲಿದ್ದ ಸ್ಟೂಡರ್ ಜೆ37 ಯಂತ್ರಕ್ಕೆ ಇದ್ದದ್ದು ನಾಲ್ಕೇ ಟ್ರ್ಯಾಕ್. ಡ್ರಮ್ಮಿಗೆ ಎಷ್ಟು ಮೈಕ್ ಇಟ್ಟರೂ ಅವೆಲ್ಲ ಒಂದೇ ಟ್ರ್ಯಾಕಿನಲ್ಲಿ ಬೆರೆಯಬೇಕು. ಲೆಕ್ಕ ತಪ್ಪಿದ್ದರೆ ರಿಂಗೊ ಸ್ಟಾರ್ ಮತ್ತೆ ಬಾರಿಸಬೇಕಿತ್ತು, ಅಷ್ಟೆ. ಆದರೆ ತಪ್ಪಲಿಲ್ಲ. ಪೆಟ್ಟಿನ ಮೊನೆ ತಗ್ಗಿತು. ಯಂತ್ರ ಹಿಡಿತ ಬಿಟ್ಟಾಗಲೆಲ್ಲ ತಾಳದ ತಟ್ಟೆಗಳ ಝೇಂಕಾರ ಉಬ್ಬಿ ಬಂತು. ಡ್ರಮ್ ಉಸಿರಾಡುತ್ತಿದೆಯೇನೋ ಎನ್ನಿಸುವ ಈ ಗುಣ ಕೋಣೆಯಲ್ಲಿ ಬಾರಿಸಿದ ವಾದ್ಯದಲ್ಲಿ ಇರಲಿಲ್ಲ. ಕಾವಲಿಗೆ ಬಂದ ಯಂತ್ರವೇ ವಾದ್ಯದ ಒಂದು ಭಾಗವಾಗಿತ್ತು.

ಐದು ವರ್ಷಗಳ ನಂತರ, 1971ರಲ್ಲಿ ಹೊರಬಂದ ಲೆಡ್ ಜೆಪ್ಪೆಲಿನ್ ತಂಡದ ‘ವೆನ್ ದ ಲೆವೀ ಬ್ರೇಕ್ಸ್’ ಇದೇ ಹಾದಿಯನ್ನು ಮುಂದುವರಿಸಿತು. ಹ್ಯಾಂಪ್‌ಷೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದ ಹಜಾರದಲ್ಲಿ ಜಾನ್ ಬಾನಮ್ ಬಾರಿಸಿದರು. ಎಂಜಿನಿಯರ್ ಆಂಡಿ ಜಾನ್ಸ್ ಮೆಟ್ಟಿಲ ಬಳಿ ಎತ್ತರದಲ್ಲಿ ಎರಡು ಮೈಕ್ ಇರಿಸಿ, ದನಿಯನ್ನು ಒತ್ತಿ ಹಿಡಿದರು. ಕಟ್ಟಡದ ಮಾರ್ದನಿಯೇ ಮುಂದೆ ಬಂತು.

ಟ್ರ್ಯಾಕುಗಳು 16, 24 ಎಂದು ಬೆಳೆದಂತೆ ನಿರ್ಧಾರವನ್ನು ಮುಂದೂಡುವುದು ಸುಲಭವಾಯಿತು. ಇಂದು ಕಂಪ್ರೆಸರ್ ಕಂಪ್ಯೂಟರಿನೊಳಗೇ ಇದೆ, ಬೇಡವೆನಿಸಿದರೆ ತೆಗೆದುಹಾಕಬಹುದು. 2022ರಲ್ಲಿ ಬೀಟಲ್ಸ್‌ನ ‘ರಿವಾಲ್ವರ್’ ಆಲ್ಬಮ್ಮನ್ನು ಹೊಸದಾಗಿ ಮಿಕ್ಸ್ ಮಾಡಿದಾಗ, ಒಂದೇ ಟ್ರ್ಯಾಕಿನಲ್ಲಿ ಬೆರೆತಿದ್ದ ವಾದ್ಯಗಳನ್ನು ಕಂಪ್ಯೂಟರ್ ಬಿಡಿಬಿಡಿಯಾಗಿಸಿ ಕೊಟ್ಟಿತು. ಹಾಗೆ ಬೇರ್ಪಟ್ಟು ಬಂದ ಡ್ರಮ್ ಕೂಡ ಅಂದು ಫೇರ್‌ಚೈಲ್ಡ್ ಮೂಲಕ ಹಾದುಹೋದ ಡ್ರಮ್ಮೇ. ಒತ್ತುವ ಮುನ್ನ ಅದು ಹೇಗಿತ್ತೆಂಬುದು ಆ ಕೋಣೆಯಲ್ಲಿದ್ದವರ ಕಿವಿಗಷ್ಟೇ ಗೊತ್ತಿತ್ತು.