ಜಂಬಿಟ್ಟಿಗೆ: ಒಂದು ಶಾಸ್ತ್ರೀಯ ನಾಮದ ಚರಿತ್ರೆ

ಶಾಲೆಯಲ್ಲಿ ಭೂಗೋಳವನ್ನು ಓದಿದವರಿಗೆಲ್ಲ ಭಾರತದ ಮಣ್ಣುಗಳ ಪಟ್ಟಿ ಬಾಯಿಪಾಠವಾಗಿರುತ್ತದೆ: ಮೆಕ್ಕಲು ಮಣ್ಣು, ಕಪ್ಪು ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು. ಈ ಕಡೆಯ ಹೆಸರನ್ನು ಹಿಡಿದು ಇಂದಿನ ಜಾಗತಿಕ ವರ್ಗೀಕರಣಗಳಲ್ಲಿ ಹುಡುಕಹೊರಟ ವಿದ್ಯಾರ್ಥಿಗೆ ಮಾತ್ರ ಆಶ್ಚರ್ಯವಾಗದೆ ಇರದು. ಅಮೆರಿಕದ ಮೃತ್ತಿಕಾಶಾಸ್ತ್ರಜ್ಞರು ರಚಿಸಿದ ವರ್ಗೀಕರಣದ 12 ಗಣಗಳಲ್ಲಿ ಲ್ಯಾಟರೈಟ್ ಎಂಬುದು ಇಲ್ಲ. ಅಂತರರಾಷ್ಟ್ರೀಯ ವರ್ಗೀಕರಣದ 32 ವರ್ಗಗಳಲ್ಲಿಯೂ ಇಲ್ಲ. ದಕ್ಷಿಣ ಭಾರತದಲ್ಲಿ ಹುಟ್ಟಿ, ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳವರೆಗೆ ಹಬ್ಬಿ, ನೂರೈವತ್ತು ವರ್ಷಕಾಲ ವಿದ್ವಾಂಸರ ಬಾಯಲ್ಲಿ ನಲಿದಾಡಿದ ಈ ಹೆಸರನ್ನು ಶಾಸ್ತ್ರವು ಏಕೆ ಕೈಬಿಟ್ಟಿತು? ಕೈಬಿಟ್ಟ ಮೇಲೆ ಅದರ ಸ್ಥಾನದಲ್ಲಿ ಏನನ್ನು ತಂದಿಟ್ಟಿತು? ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಹೊಸದಾಗಿ ಕೈಗೆ ಬಂದ ಸೀಮೆಗಳ ಬೇಸಾಯ, ಕಸಬು, ವ್ಯಾಪಾರಗಳ ಸ್ಥಿತಿಯನ್ನು ಕಂಡು ವರದಿಮಾಡಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯನನ್ನು ನೇಮಿಸಿದನು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಈತನು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಇತಿಹಾಸಕಾರರು ಆ ಗ್ರಂಥವನ್ನು ಕಂದಾಯ, ಜಾತಿ, ನೇಯ್ಗೆ ಮೊದಲಾದ ವಿಷಯಗಳಿಗಾಗಿ ಬಹುವಾಗಿ ಬಳಸಿಕೊಂಡಿದ್ದಾರೆ. ಅದರಲ್ಲಿ ಒಂದು ಶಿಲೆಯ ನಾಮಕರಣವೂ ಅಡಗಿದೆ ಎಂಬುದನ್ನು ಗಮನಿಸಿದವರು ಕಡಮೆ.

1800ರ ಡಿಸೆಂಬರಿನಲ್ಲಿ, ಈಗ ಕೇರಳದ ಮಲಪ್ಪುರಂ ಜಿಲ್ಲೆಗೆ ಸೇರಿರುವ ಅಂಗಡಿಪುರಂ ಎಂಬ ಊರಿನಲ್ಲಿ ಬುಕಾನನ್ನನು ಕಲ್ಲು ಕಡಿಯುವವರ ಕೆಲಸವನ್ನು ನಿಂತು ನೋಡಿದನು. ಅವನು ಕೊಟ್ಟಿರುವ ವರ್ಣನೆಯ ಸಾರಾಂಶ ಹೀಗಿದೆ. ಈ ಪದಾರ್ಥವು ತಳದ ಗ್ರಾನೈಟ್ ಶಿಲೆಯ ಮೇಲೆ, ಪದರಗಳ ಕುರುಹಿಲ್ಲದೆ, ದೊಡ್ಡ ರಾಶಿಯಾಗಿ ಹರಡಿದೆ, ತುಂಬ ರಂಧ್ರಮಯವಾಗಿದೆ, ಕೆಂಪು ಮತ್ತು ಹಳದಿ ಕಾವಿಯ ರೂಪದಲ್ಲಿ ಕಬ್ಬಿಣವು ಅದರಲ್ಲಿ ಹೇರಳವಾಗಿದೆ. ನೆಲದೊಳಗೆ ಗಾಳಿ ತಾಗದೆ ಇರುವಾಗ ಅದು ಎಷ್ಟು ಮೃದುವೆಂದರೆ ಯಾವ ಕಬ್ಬಿಣದ ಆಯುಧದಿಂದಲಾದರೂ ಕೊಯ್ಯಬಹುದು. ಪಿಕಾಸಿಯಿಂದ ಚಚ್ಚೌಕವಾಗಿ ಎಬ್ಬಿಸಿ, ಕೂಡಲೆ ಕರಣಿಯಿಂದಲೋ ದೊಡ್ಡ ಕತ್ತಿಯಿಂದಲೋ ಬೇಕಾದ ಆಕಾರಕ್ಕೆ ಸವರುತ್ತಾರೆ. ಸ್ವಲ್ಪಕಾಲದಲ್ಲಿಯೇ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಾಳಿಮಳೆಗಳನ್ನು ಸುಟ್ಟ ಇಟ್ಟಿಗೆಗಿಂತಲೂ ಚೆನ್ನಾಗಿ ತಡೆಯುತ್ತದೆ. ಸ್ಥಳೀಯರು ಇದನ್ನು ‘ಇಟ್ಟಿಗೆಕಲ್ಲು’ ಎಂಬ ಅರ್ಥದ ಮಾತಿನಿಂದ ಕರೆಯುತ್ತಿದ್ದುದನ್ನು ದಾಖಲಿಸಿ, ಇಟ್ಟಿಗೆ ಎಂಬರ್ಥದ ‘ಲೇಟರ್’ ಎಂಬ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಅವನು ಸೂಚಿಸಿದನು.

ಎಂದರೆ ಹೆಸರಿಟ್ಟವನು ಬುಕಾನನ್ನನಾದರೂ ಹೆಸರಿನೊಳಗಿನ ಭಾವವು ಕಲ್ಲುಕುಟಿಗರದು. ಕನ್ನಡದ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ. ದಕ್ಷಿಣ ಕನ್ನಡದಲ್ಲಿ ಇದೇ ವಸ್ತುವಿಗೆ ಮುರಕಲ್ಲು, ಕೆಂಪುಕಲ್ಲು ಎಂದೂ ಉತ್ತರ ಕನ್ನಡದಲ್ಲಿ ಚಿರೆಕಲ್ಲು ಎಂದೂ ಹೇಳುತ್ತಾರೆ. ಬುಕಾನನ್ನನು ರಾಸಾಯನಿಕ ಪರೀಕ್ಷೆಯನ್ನೇನೂ ಮಾಡಲಿಲ್ಲ. ಅವನ ಲಕ್ಷಣವು ಗುಣಧರ್ಮವನ್ನು ಅವಲಂಬಿಸಿದ್ದು: ನೆಲದಲ್ಲಿ ಮೆತ್ತಗಿರಬೇಕು, ತೆಗೆದಮೇಲೆ ಗಟ್ಟಿಯಾಗಬೇಕು. ಮುಂದಿನ ವಿವಾದಗಳೆಲ್ಲ ಈ ಸರಳ ಲಕ್ಷಣವನ್ನು ಮರೆತುದರಿಂದ ಹುಟ್ಟಿದುವೆಂಬುದು ಈ ಲೇಖಕನ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳು ಈ ಹೆಸರನ್ನು ಸಂತೋಷದಿಂದ ಸ್ವೀಕರಿಸಿ ಭಾರತದ ಉದ್ದಗಲಕ್ಕೂ ಒಯ್ದರು. 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡನು ಬೀದರಿನ ಲ್ಯಾಟರೈಟನ್ನು ವರ್ಣಿಸಿದನು. ಬೀದರಿನದು ವಿಶೇಷವಾದ ಉದಾಹರಣೆ. ಮಲಬಾರಿನಲ್ಲಿ ಇದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲೆ ಕುಳಿತಿದ್ದರೆ ಬೀದರಿನಲ್ಲಿ ದಖನ್ನಿನ ಕಪ್ಪು ಬಸಾಲ್ಟಿನ ಮೇಲೆ ಕುಳಿತಿದೆ. ಅಲ್ಲಿಯ ಸುರಂಗ ಕಾಲುವೆಗಳಾದ ಕಾರೇಜುಗಳು ನೀರನ್ನು ಸಂಗ್ರಹಿಸುವುದು, ರಂಧ್ರಮಯವಾದ ಲ್ಯಾಟರೈಟು ಮುಗಿದು ನೀರು ಬಿಡದ ಬಸಾಲ್ಟು ಮೊದಲಾಗುವ ಸಂಧಿಯಲ್ಲಿ. ತಾಯಿಶಿಲೆ ಬೇರೆ ಬೇರೆಯಾದರೂ ಮೇಲಿನ ವಸ್ತು ಒಂದೇ ತೆರನಾಗಿರುವುದು ಹೇಗೆ? ಕೆಲವರು ಇದು ಜ್ವಾಲಾಮುಖಿಯ ಕೃತ್ಯವೆಂದರು. ಕೆಲವರು ನೀರು ತಂದೊಡ್ಡಿದ ಸಂಚಯವೆಂದರು. ಮಳೆ ಮತ್ತು ಬೇಸಗೆಗಳು ಒಂದಾದಮೇಲೊಂದು ಬರುವ ಉಷ್ಣವಲಯದಲ್ಲಿ ಶಿಲೆಯು ದೀರ್ಘಕಾಲ ಶಿಥಿಲವಾದಾಗ ಸಿಲಿಕವೂ ಕ್ಷಾರಗಳೂ ಕರಗಿಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಆಕ್ಸೈಡುಗಳು ಉಳಿದುಕೊಳ್ಳುತ್ತವೆ ಎಂಬ ಮತವು ಕ್ರಮೇಣ ನೆಲೆಗೊಂಡಿತು. ಸರ್ ಥಾಮಸ್ ಹಾಲೆಂಡನು 1903ರಲ್ಲಿ ಈ ಕ್ರಿಯೆಯಲ್ಲಿ ಸೂಕ್ಷ್ಮಜೀವಿಗಳ ಪಾತ್ರವಿರಬಹುದೆಂದು ಊಹಿಸಿದನು. ಅಂದು ವಿಚಿತ್ರವೆನಿಸಿದ ಈ ಮಾತು ಇಂದು ಅಷ್ಟು ವಿಚಿತ್ರವಾಗಿ ತೋರುವುದಿಲ್ಲ.

ಅಷ್ಟರಲ್ಲಿ ರಸಾಯನಶಾಸ್ತ್ರವು ಪ್ರವೇಶಿಸಿತ್ತು. 1898ರಲ್ಲಿ ಜರ್ಮನಿಯ ಮ್ಯಾಕ್ಸ್ ಬೌವರನು ಸೇಶೆಲ್ಸ್ ದ್ವೀಪಗಳ ಲ್ಯಾಟರೈಟನ್ನು ಪರೀಕ್ಷಿಸಿ, ಅದು ಬಾಕ್ಸೈಟಿನಂತೆ ಅಲ್ಯೂಮಿನಿಯಮ್ ಹೈಡ್ರಾಕ್ಸೈಡಿನಿಂದ ಕೂಡಿದುದೆಂದು ತೋರಿಸಿದನು. ಅಲ್ಲಿಂದ ಮುಂದೆ, ಲ್ಯಾಟರೈಟೆಂದರೆ ಗಟ್ಟಿಯಾಗುವ ವಸ್ತುವೆಂಬುದು ಹೋಗಿ ಇಂತಿಷ್ಟು ಅಲ್ಯೂಮಿನವುಳ್ಳ ವಸ್ತುವೆಂಬ ಭಾವನೆ ಬಲಿಯಿತು. 1909ರಿಂದ 1911ರವರೆಗೆ ಇಂಗ್ಲೆಂಡಿನ ‘ಜಿಯಾಲಾಜಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಈ ಒಂದು ಶಬ್ದದ ಅರ್ಥವನ್ನು ಕುರಿತು ನಡೆದ ವಾದವನ್ನು ಓದಿದರೆ ನಮ್ಮ ನೈಯಾಯಿಕರ ಲಕ್ಷಣವಿಚಾರವು ನೆನಪಿಗೆ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಮೊರನು, ಕಬ್ಬಿಣ ಅಲ್ಯೂಮಿನಗಳೇ ಮೊದಲಾದ ಘಟಕಗಳು ನೂರಕ್ಕೆ 90ಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ನಿಜವಾದ ಲ್ಯಾಟರೈಟೆಂದು ಕಟ್ಟುಮಾಡಿದನು. ಈ ಲಕ್ಷಣದಲ್ಲಿ ಅವ್ಯಾಪ್ತಿದೋಷವಿತ್ತು: ಮಲಬಾರಿನ ಇಟ್ಟಿಗೆಕಲ್ಲಿನಲ್ಲಿಯೇ ಸಿಲಿಕಯುಕ್ತವಾದ ಕೆಯೊಲಿನೈಟ್ ಜೇಡಿಯು ಸಾಕಷ್ಟು ಇರುವುದರಿಂದ, ಯಾವುದನ್ನು ನೋಡಿ ಹೆಸರಿಟ್ಟರೋ ಅದೇ ಆ ಹೆಸರಿಗೆ ಅನರ್ಹವಾಗುವ ಸಂಭವವುಂಟಾಯಿತು. 1936ರಲ್ಲಿ ಸಿ. ಎಸ್. ಫಾಕ್ಸನು ಬುಕಾನನ್ನನು ಕಂಡ ಮಲಬಾರು ಮತ್ತು ಕೆನರಾಗಳ ಲ್ಯಾಟರೈಟನ್ನೇ ಮರಳಿ ಪರಿಶೀಲಿಸಿ ಲೇಖನ ಬರೆದುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ.

ಮೃತ್ತಿಕಾಶಾಸ್ತ್ರಜ್ಞರ ಕೈಗೆ ಬಂದಮೇಲೆ ಅವ್ಯಾಪ್ತಿಯ ಜೊತೆಗೆ ಅತಿವ್ಯಾಪ್ತಿಯೂ ಸೇರಿತು. ರಷ್ಯದ ದೊಕುಚಾಯೆವನು 1883ರಲ್ಲಿ ತನ್ನ ದೇಶದ ಕಪ್ಪು ಮಣ್ಣನ್ನು ಕುರಿತ ಗ್ರಂಥದಲ್ಲಿ, ಮಣ್ಣೆಂದರೆ ಪುಡಿಯಾದ ಶಿಲೆ ಮಾತ್ರವಲ್ಲ, ಹವೆ, ಜೀವಿ, ನೆಲದ ಏರಿಳಿತ, ಕಾಲ ಇವೆಲ್ಲದರ ಪರಿಣಾಮವಾದ ಸ್ವತಂತ್ರ ವಸ್ತುವೆಂದು ಸ್ಥಾಪಿಸಿದ್ದನು. ಈ ದೃಷ್ಟಿಯಿಂದ ಒಂದೊಂದು ಹವೆಗೆ ಒಂದೊಂದು ಮಣ್ಣನ್ನು ನಿಗದಿಮಾಡುವ ಉತ್ಸಾಹದಲ್ಲಿ, ಉಷ್ಣವಲಯದ ಪಾಲಿಗೆ ಲ್ಯಾಟರೈಟು ಬಂತು. 1927ರಲ್ಲಿ ಮಾರ್ಟಿನ್ ಮತ್ತು ಡಾಯ್ನ್ ಎಂಬವರು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನ ಮಣ್ಣುಗಳನ್ನು ಪರೀಕ್ಷಿಸಿ ಒಂದು ಅಳತೆಯನ್ನು ಕೊಟ್ಟರು: ಜೇಡಿಯ ಅಂಶದಲ್ಲಿ ಸಿಲಿಕಕ್ಕೂ ಅಲ್ಯೂಮಿನಕ್ಕೂ ಇರುವ ಪ್ರಮಾಣವು 1.33ಕ್ಕಿಂತ ಕಡಮೆಯಾದರೆ ಲ್ಯಾಟರೈಟ್ ಮಣ್ಣು, 1.33ರಿಂದ 2ರವರೆಗೆ ಲ್ಯಾಟರೈಟಿಕ್ ಮಣ್ಣು. ಅಳತೆ ಖಚಿತವೇ, ಆದರೆ ಅದರಲ್ಲಿ ಗಟ್ಟಿಯಾಗುವ ಗುಣದ ಪ್ರಸ್ತಾಪವೇ ಇಲ್ಲ. ಎಷ್ಟು ಬಿಸಿಲಿಗೆ ಒಡ್ಡಿದರೂ ಇಟ್ಟಿಗೆಯಾಗದೆ, ಗುದ್ದಲಿಗೆ ಸಡಿಲವಾಗಿ ಬರುವ ಕೆಂಪು ಮಣ್ಣಿಗೂ ಈ ಪರೀಕ್ಷೆಯಿಂದ ಲ್ಯಾಟರೈಟೆಂಬ ಹೆಸರು ದೊರೆಯಬಹುದಾಗಿತ್ತು. ಕಡೆಕಡೆಗೆ ಉಷ್ಣವಲಯದ ಕೆಂಪು ಮಣ್ಣೆಲ್ಲ ಲ್ಯಾಟರೈಟ್ ಎನಿಸಿಕೊಂಡಿತು.

ಇದು ವಿದ್ವಾಂಸರ ಮನೆಯೊಳಗಿನ ಜಗಳವೆಂದು ಬಿಡುವಂತಿರಲಿಲ್ಲ. ಕೆಂಪು ಮಣ್ಣೆಲ್ಲ ಲ್ಯಾಟರೈಟು, ಲ್ಯಾಟರೈಟೆಲ್ಲ ಇಟ್ಟಿಗೆಯಾಗುವಂಥದು. ಆದುದರಿಂದ ಕಾಡು ಕಡಿದು ಉತ್ತರೆ ಉಷ್ಣವಲಯದ ನೆಲವೆಲ್ಲ ಬಂಡೆಯಾಗುವುದು ಎಂಬ ಅನುಮಾನ ಹುಟ್ಟಿತು. 1964ರಲ್ಲಿ ಮೇರಿ ಮೆಕ್‌ನೀಲ್ ಎಂಬ ವಿದುಷಿಯು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಭೀತಿಯು ಲೋಕಪ್ರಸಿದ್ಧವಾಯಿತು. 1975ರಲ್ಲಿ ಸ್ಯಾಂಚೆಸ್ ಮತ್ತು ಬ್ಯೂಲ್ ಎಂಬವರು, ನಿಜವಾಗಿ ಗಟ್ಟಿಯಾಗಬಲ್ಲ ಪದರವಿರುವುದು ಉಷ್ಣವಲಯದ ನೆಲದಲ್ಲಿ ನೂರಕ್ಕೆ ಸುಮಾರು 7ರಷ್ಟರಲ್ಲಿ ಮಾತ್ರ ಎಂದು ಅಂದಾಜುಮಾಡಿದರು. ಕಾಡು ಕಡಿಯುವುದರಿಂದ ಬರುವ ಅನರ್ಥಗಳು ಬೇರೆ ಬೇಕಾದಷ್ಟಿವೆ. ಆದರೆ ಉಳಿದ ತೊಂಬತ್ತಮೂರು ಪಾಲಿನ ರೈತನಿಗೆ ನಿನ್ನ ಹೊಲ ಕಲ್ಲಾಗುತ್ತದೆ ಎಂದು ಹೇಳಿದ್ದು ಹೆಸರಿನ ದೋಷದಿಂದ.

ಈ ಗೊಂದಲವನ್ನು ಮೊದಲೇ ಕಂಡು, 1949ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲಾಗನು ಗಟ್ಟಿಯಾದ ಅಥವಾ ಗಟ್ಟಿಯಾಗುವ ಪದಾರ್ಥಕ್ಕೆ ಮಾತ್ರ ಲ್ಯಾಟರೈಟೆಂಬ ಹೆಸರನ್ನು ಮೀಸಲಿಟ್ಟು, ಉಳಿದ ಕೆಂಪು ಮಣ್ಣುಗಳಿಗೆ ‘ಲ್ಯಾಟೊಸಾಲ್’ ಎಂಬ ಹೊಸ ನಾಮವನ್ನು ಸೂಚಿಸಿದ್ದನು. 1960ರಲ್ಲಿ ಗೈ ಸ್ಮಿತ್ತನ ನೇತೃತ್ವದಲ್ಲಿ ಹೊರಬಂದ, ಏಳನೆಯ ಕರಡೆಂದೇ ಪ್ರಸಿದ್ಧವಾದ ವರ್ಗೀಕರಣವು ಇನ್ನೂ ಮುಂದೆ ಹೋಗಿ, ಹಳೆಯ ಹೆಸರುಗಳನ್ನೆಲ್ಲ ತೊಡೆದುಹಾಕಿತು. ಅತ್ಯಂತ ಶಿಥಿಲವಾದ ಉಷ್ಣವಲಯದ ಮಣ್ಣುಗಳು ಆಕ್ಸಿಸಾಲ್ ಎಂಬ ಗಣವಾದುವು. ಗಟ್ಟಿಯಾಗುವ ಪದಾರ್ಥಕ್ಕೆ ‘ಪ್ಲಿಂಥೈಟ್’ ಎಂದು ಹೆಸರಿಟ್ಟು, ಅದು ಒಂದು ಬಗೆಯ ಮಣ್ಣಲ್ಲ, ಹಲವು ಬಗೆಯ ಮಣ್ಣುಗಳಲ್ಲಿ ಕಾಣಬಹುದಾದ ಒಂದು ಲಕ್ಷಣವಷ್ಟೆ ಎಂದು ತೀರ್ಮಾನಿಸಿದರು. ಅದರ ನಿರೂಪಣೆಯನ್ನು ನೋಡಿರಿ: ಕಬ್ಬಿಣದಿಂದ ಸಮೃದ್ಧವಾಗಿಯೂ ಸಾವಯವಾಂಶದಲ್ಲಿ ಬಡವಾಗಿಯೂ ಇರುವ, ಕಡುಗೆಂಪು ಮಚ್ಚೆಗಳುಳ್ಳ ಜೇಡಿ, ಹಸಿಯಾಗಿರುವಾಗ ಸನಿಕೆಯಿಂದ ಕಡಿಯಬಹುದು, ಮತ್ತೆ ಮತ್ತೆ ನೆನೆದು ಒಣಗಿದರೆ, ಅದರಲ್ಲಿಯೂ ಬಿಸಿಲು ತಾಗಿದರೆ, ಮರಳಿ ಮೃದುವಾಗದಂತೆ ಗಟ್ಟಿಯಾಗುತ್ತದೆ. ಇದು ಅಂಗಡಿಪುರದ ಕಲ್ಲುಕುಟಿಗರ ಲಕ್ಷಣವೇ ಹೊರತು ಬೇರೆಯಲ್ಲ. ಗ್ರೀಕ್ ಭಾಷೆಯಲ್ಲಿ ‘ಪ್ಲಿಂಥೋಸ್’ ಎಂದರೆ ಇಟ್ಟಿಗೆ.

ಭೂವಿಜ್ಞಾನಿಗಳು ಲ್ಯಾಟರೈಟೆಂಬ ಮಾತನ್ನು ಶಿಲೆಯ ಹೆಸರಾಗಿ ಇಂದಿಗೂ ಉಳಿಸಿಕೊಂಡಿದ್ದಾರೆ. ಬುಕಾನನ್ನನ ನೆನಪಿಗಾಗಿ ಅಂಗಡಿಪುರದಲ್ಲಿ 1979ರಲ್ಲಿ ಸ್ಥಾಪಿತವಾದ ಸ್ಮಾರಕವನ್ನು ಆ ಕಲ್ಲಿನಿಂದಲೇ ಕಟ್ಟಲಾಗಿದೆ. ಅಂತರರಾಷ್ಟ್ರೀಯ ವರ್ಗೀಕರಣವು ಮಾತ್ರ ಇಂಥ ಪದರವುಳ್ಳ ಮಣ್ಣುಗಳಿಗಾಗಿ ಪ್ಲಿಂಥೊಸಾಲ್ ಎಂಬ ವರ್ಗವನ್ನೇ ಕಲ್ಪಿಸಿ, ಮೆತ್ತಗಿನ ಪದರ, ಕಲ್ಲಾಗಿ ಬೆಸೆದ ಪದರ, ಗುಂಡುಹರಳುಗಳ ಪದರ ಎಂಬ ಭೇದವನ್ನು ಹೇಳುತ್ತದೆ.

ಹಾಗಾದರೆ ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣನ್ನು ಇಂದು ಹೇಗೆ ವರ್ಣಿಸಬೇಕು? ಕಲ್ಲುಕೋರೆಯ ಕಡಿದ ಗೋಡೆಯ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿದರೆ ಉತ್ತರದ ಬಹುಭಾಗವು ಕಣ್ಣೆದುರಿಗೇ ಇರುತ್ತದೆ. ಮೇಲೆ ಕೆಂಗಂದು ಬಣ್ಣದ, ಹರಳು ಬೆರೆತ ತೆಳುಮಣ್ಣು. ಕೆಲವೆಡೆ ಅದೂ ತೊಳೆದುಹೋಗಿ ಗಟ್ಟಿಗಲ್ಲೇ ಹೊರಬಿದ್ದಿರುತ್ತದೆ. ಅದರ ಕೆಳಗೆ ರಂಧ್ರಮಯವಾದ ಕೆಂಪುಕಲ್ಲು. ಇನ್ನೂ ಕೆಳಗೆ ಕೆಂಪು, ಹಳದಿ, ಬಿಳಿ ಮಚ್ಚೆಗಳ ಜೇಡಿ. ಕೊನೆಗೆ ಬಿಳಿಯ ಸೇಡಿಮಣ್ಣು, ಅದರಡಿಯಲ್ಲಿ ತಾಯಿಶಿಲೆ. ಈ ಪದರಗಳ ಆಳ, ಬಣ್ಣ, ಗಡಸುತನ, ಜೇಡಿಯ ಪ್ರಮಾಣ, ಆಮ್ಲೀಯತೆ ಇವನ್ನು ಒಂದೊಂದಾಗಿ ಗುರುತಿಸಿದ ಮೇಲೆಯೇ ಇಂದಿನ ಸರ್ವೇಕ್ಷಕನು ಹೆಸರಿಡುವುದು. ಹೀಗೆ ನೋಡಿದಾಗ ಪಶ್ಚಿಮ ತೀರದ ಇಂಥ ಮಣ್ಣುಗಳು ಬಹುಮಟ್ಟಿಗೆ ಅಲ್ಟಿಸಾಲ್, ಆಲ್ಫಿಸಾಲ್ ಗಣಗಳಲ್ಲಿ ಸೇರುತ್ತವೆ, ಆಕ್ಸಿಸಾಲ್ ಅಪರೂಪ. ಒಂದೇ ಗುಡ್ಡದಲ್ಲಿ, ಕಲ್ಲು ಎರಡು ಅಡಿ ಆಳದಲ್ಲಿರುವಲ್ಲಿ ಗೇರು, ಮಣ್ಣು ಆಳವಾಗಿರುವ ತಪ್ಪಲಿನಲ್ಲಿ ಅಡಕೆ. ಪಠ್ಯಪುಸ್ತಕದಲ್ಲಿ ಎರಡಕ್ಕೂ ಜಂಬಿಟ್ಟಿಗೆ ಮಣ್ಣೆಂಬ ಒಂದೇ ಹೆಸರು ಇನ್ನೂ ಇದೆ.